ಅಜ್ಜಿ ಹೇಳಿದ ಡಬ್ಬಿ ಖರೇನ ಇತ್ತು

ಕುಂದಗೋಳ ತಾಲೂಕಿನ ಒಂದು ಹಳ್ಳಿಯಿಂದ ಹೈಸ್ಕೂಲ್ ಮಾಸ್ತರೊಬ್ರು ಪತ್ರ ಬರದಾರ. ಅವರ ಅಜ್ಜಿಗೆ ಈಗ ತೊಂಬತ್ತೇಳು ನಡದೈತಿ, ದೇಶದ ಮೊದಲನೇ ಎಲೆಕ್ಷನ್‌ದಾಗ ಓಟು ಹಾಕಿದವರು. ಅಜ್ಜಿ ಹೇಳೋದು ಇಷ್ಟು: ಜಮಖಂಡಿ ರಾಜರ ಕಾಲ ಹೋಗಿ ಓಟು ಬಂತು, ಸಾಲಿ ಖೋಲ್ಯಾಗ ಸಾಲಾಗಿ ಡಬ್ಬಿ ಇಟ್ಟಿದ್ರು, ಎತ್ತಿನ ಡಬ್ಬಿಯೊಳಗ ಚೀಟಿ ಹಾಕಿ ಬಂದೆ, ಸಿಕ್ಕಾ ಗಿಕ್ಕಾ ಏನೂ ಒತ್ತಲಿಲ್ಲ, ಬಟ್ಟಿಗೆ ಮೈಸೂರು ಶಾಯಿ ಹಚ್ಚಿದ್ರು. ಬೆಂಗಳೂರಾಗ ಓದೋ ಮರಿಮಗ ಇದನ್ನ ಕೇಳಿ, ಒಂದೇ ಡಬ್ಬಿ ಇರತೈತಿ ಅಜ್ಜಿ, ಸಿಕ್ಕಾ ಒತ್ತಬೇಕು, ಜಮಖಂಡಿ ಇರೋದು ಬಾಗಲಕೋಟಿ ಜಿಲ್ಲಾದಾಗ, ನಿನಗ ಎಲ್ಲಾ ಕಲಸಿ ಹೋಗೇತಿ ಅಂದನಂತ. ಮಾಸ್ತರು ಕೇಳೋದು ಏನಂದ್ರ, ಯಾರು ನಿಂತಿದ್ರು, ತಾರೀಖು ಯಾವುದು ಒಂದೂ ಅಜ್ಜಿಗೆ ನೆನಪಿಲ್ಲ, ಇಂಥಾ ನೆನಪು ಬರದಿಟ್ಟು ಉಪಯೋಗ ಏನ್ರಿ?

ಮಾಸ್ತರ, ಉಪಯೋಗದ ಮಾತು ಆಮ್ಯಾಲೆ, ಮೊದಲು ಡಬ್ಬಿ ವಿಷಯ ಮುಗಿಸೋಣು. ಅಜ್ಜಿ ಹೇಳಿದ್ದು ಅಕ್ಷರಶಃ ಖರೆ ಐತಿ. 1951ರ ಅಕ್ಟೋಬರ್‌ದಾಗ ಹಿಮಾಚಲದಾಗ ಶುರುವಾಗಿ 1952ರ ಫೆಬ್ರುವರಿ ತನಕ ನಡದ ಆ ಎಲೆಕ್ಷನ್‌ದಾಗ ಎಲ್ಲಾರ ಹೆಸರು ಇರೋ ಬ್ಯಾಲೆಟ್ ಪೇಪರ್ ಅಂಬೋದೇ ಇರಲಿಲ್ಲ. ಒಬ್ಬೊಬ್ಬ ಕ್ಯಾಂಡಿಡೇಟಿಗೆ ಒಂದೊಂದು ಬ್ಯಾರೆ ಉಕ್ಕಿನ ಡಬ್ಬಿ, ಅದಕ್ಕ ಅವರ ಗುರ್ತಿನ ಚಿತ್ರ ಅಂಟಿಸಿ ಮರಿ ಮಾಡಿದ ಜಾಗಾದಾಗ ಸಾಲಾಗಿ ಇಡ್ತಿದ್ರು. ಕೈಯಾಗ ಕೊಡೋ ಚೀಟಿ ಒಂದು ರೂಪಾಯಿ ನೋಟಿನಷ್ಟು, ಅದರ ಮ್ಯಾಲೆ ಯಾರ ಹೆಸರೂ ಇಲ್ಲ, ಯಾವ ಚಿತ್ರಾನೂ ಇಲ್ಲ, ಒಯ್ದು ನಿಮಗ ಬೇಕಾದ ಡಬ್ಬಿಯೊಳಗ ಹಾಕಿದ್ರ ಮುಗೀತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಗಿಡ, ಕಿಸಾನ್ ಮಜ್ದೂರ್ ಪ್ರಜಾ ಪಾರ್ಟಿಗೆ ಗುಡಿಸಲು, ಜನಸಂಘಕ್ಕ ದೀಪ, ಅಂಬೇಡ್ಕರ್ ಅವರ ಪಾರ್ಟಿಗೆ ಆನಿ. 1951ರ ಜನಗಣತಿಯೊಳಗ ನೂರಕ್ಕ 18 ಮಂದಿಗಷ್ಟ ಓದಾಕ ಬರ್ತಿತ್ತು, ಹೆಣಮಕ್ಕಳಾಗ 9 ಮಂದಿಗೂ ಬರ್ತಿರಲಿಲ್ಲ, ಮತದಾರರು ನೋಡಿದ್ರ 17 ಕೋಟಿಗೂ ಹೆಚ್ಚು. ಅಂಥಾ ದೇಶದಾಗ ಮೊದಲ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲಕ್ಕ ಈ ವ್ಯವಸ್ಥಾ ಆತು, 20 ಲಕ್ಷಕ್ಕೂ ಹೆಚ್ಚು ಡಬ್ಬಿ ಮಾಡಿಸಬೇಕಾತು. ಹಂಗಾಗಿ ಅಜ್ಜಿಗೆ ಎತ್ತು ನೆನಪುಳದು ಮನಷಾನ ಹೆಸರು ಮರ್ತಿದ್ರ ಅದನ್ನ ಮರವು ಅನ್ನಬ್ಯಾಡ್ರಿ, ಅವರ ಕಣ್ಣೆದುರಿಗೆ ಇದ್ದದ್ದೇ ಎತ್ತು.

ಮರಿಮಗ ಹೇಳೋ ಸಿಕ್ಕಾ ಬಂದದ್ದು ಮುಂದ, 1962ರ ಹೊತ್ತಿಗೆ. ಡಬ್ಬಿ ಪದ್ಧತಿಯೊಳಗ ಒಂದು ದೊಡ್ಡ ತೂತಿತ್ತು, ಚೀಟಿ ಖಾಲಿ ಇರ್ತಿತ್ತಲ್ರಿ, ಒಬ್ಬ ಅದನ್ನ ಡಬ್ಬಿಗೆ ಹಾಕದ ಕಿಸೇದಾಗ ಇಟ್ಕೊಂಡು ಹೊರಗ ತಂದು ಇನ್ನೊಬ್ಬಗ ಮಾರಿಬಿಡಬಹುದಿತ್ತು, ಕೊಂಡವ ತನ್ನ ಮಂದಿ ಕೈಲೆ ತನಗ ಬೇಕಾದ ಡಬ್ಬಿಗೆ ಹಾಕಸ್ತಿದ್ದ. ಅದಕ್ಕ ಒಂದೇ ಡಬ್ಬಿ ಮಾಡಿ ಚೀಟಿ ಮ್ಯಾಲೇನ ಗುರ್ತು ಒತ್ತೋದು ತಂದ್ರು. ಶಾಯಿದೂ ಹಂಗ. 1952ರಾಗೂ ಬಟ್ಟಿಗೆ ಅಳಸದ ಶಾಯಿ ಹಚ್ಚಿದ್ದು ಖರೆ, ಆದ್ರ ಮೈಸೂರಿನ ಕಾರ್ಖಾನಿ ಶಾಯಿ ಎಲೆಕ್ಷನ್ನಿಗೆ ಬರಾಕ ಶುರುವಾಗಿದ್ದು 1962ರಿಂದ. ಅಜ್ಜಿ ಆಮ್ಯಾಲೆ ಎಷ್ಟೋ ಸಲ ಬಟ್ಟು ಚಾಚ್ಯಾರ, ಎಲ್ಲಾ ಶಾಯಿ ಸೇರಿ ಒಂದಾಗೇತಿ. ಇಷ್ಟಕ್ಕ ಉಳದದ್ದನ್ನೆಲ್ಲಾ ಸುಳ್ಳು ಅಂತ ತಗದು ಹಾಕೋದು ಭಾಳ ಅನ್ಯಾಯ ಅಕ್ಕೈತಿ.

ಇನ್ನ ಜಮಖಂಡಿ. ಇದನ್ನ ಮರಿಮಗಗ ಕೂಡ್ರಿಸಿ ಹೇಳ್ರಿ, ಯಾಕಂದ್ರ ನಮ್ಮ ಕಡೆ ಹುಡುಗರಿಗೆ ಇದು ಗೊತ್ತೇ ಇಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನದ ಊರು, ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮೀರಜದವರದು, ಸವಣೂರಿಗೆ ನವಾಬರು. ಹುಬ್ಬಳ್ಳಿಯಿಂದ ಒಂದಷ್ಟು ದೂರ ನಡದ್ರ ಬ್ರಿಟಿಷರ ನೆಲ ಮುಗದು ರಾಜರ ನೆಲ ಬರ್ತಿತ್ತು, ಮತ್ತಷ್ಟು ನಡದ್ರ ತಿರುಗಿ ಬ್ರಿಟಿಷರದು. 1948ರಾಗ ಈ ಸಂಸ್ಥಾನ ಎಲ್ಲಾ ಮುಂಬೈ ಪ್ರಾಂತಕ್ಕ ಸೇರಿದ್ವು, ನಾಲ್ಕು ವರ್ಷ ತುಂಬೋದ್ರೊಳಗ ಓಟು ಬಂತು. ಬ್ರಿಟಿಷರ ಹುಬ್ಬಳ್ಳಿ-ಧಾರವಾಡದಾಗ ಸುದ್ದಾ 1937ರ ಎಲೆಕ್ಷನ್‌ದಾಗ ಆಸ್ತಿ, ಕರ, ಓದು ಇಂಥಾದ್ದು ಏನರ ಇದ್ದವರಿಗಷ್ಟ ಓಟಿತ್ತು, ಆಳು ಮಗಗ ಇಲ್ಲ, ಆಳು ಮಗನ ಹೇಣ್ತಿಗಂತೂ ಇಲ್ಲೇ ಇಲ್ಲ. ಅಂದಮ್ಯಾಲೆ ಅಜ್ಜಿ "ರಾಜರ ಕಾಲ ಹೋಗಿ ಓಟು ಬಂತು" ಅಂದಿದ್ದು ಕುಂದಗೋಳದ ಮಟ್ಟಿಗೆ ನಾನು ಓದಿದ ಎಷ್ಟೋ ಇತಿಹಾಸದ ಪಾಠಕ್ಕಿಂತ ಸ್ಪಷ್ಟ ಐತಿ.

ನಿಮ್ಮ ಪತ್ರದಾಗ ನನ್ನನ್ನ ಹಿಡದು ನಿಲ್ಲಿಸಿದ್ದು ಬ್ಯಾರೆ ಸಾಲು, ನೀವು ಅದನ್ನ ಕಡೀಕ ಹಂಗ ಬರದು ಬಿಟ್ಟೀರಿ. ಮೇಜಿನ ಮುಂದ ಕೂತ ಸಾಹೇಬರು ಪಟ್ಟಿ ನೋಡ್ಕೋತ "ಗಂಡನ ಹೆಸರೇನವಾ" ಅಂದಾಗ ಅಜ್ಜಿ ಸೆರಗು ಬಾಯಿಗೆ ಹಿಡಕೊಂಡು ನಿಂತೇ ಬಿಟ್ರಂತ, ಹಿಂದಿದ್ದ ಹೆಣಮಕ್ಕಳು ನಗಾಕ ಹತ್ತಿದ್ರಂತ, ಆಮ್ಯಾಲೆ ಮೈದುನ ಬಾಗಲದಿಂದ ಕೂಗಿ ಹೇಳಿದನಂತ. ಮದುವಿಯೊಳಗ ಒಡಪು, ಅಂದ್ರ ಪ್ರಾಸದ ಸಾಲು, ಕಟ್ಟಿ ಅಷ್ಟ ಗಂಡನ ಹೆಸರು ಹೇಳೋ ನಮ್ಮ ಹೆಣಮಕ್ಕಳಿಗೆ ಪೊಲೀಸರು, ಊರ ಗೌಡ್ರು ಎಲ್ಲಾ ನಿಂತಲ್ಲಿ ಆ ಹೆಸರು ಬಾಯಿಗೆ ಹೆಂಗ ಬರಬೇಕು? ಆದ್ರ ಮಾಸ್ತರ, ಇಲ್ಲೊಂದು ಮಾತು ಗಮನಿಸ್ರಿ. ಅಜ್ಜಿಗೆ ಓಟು ಸಿಕ್ತು ಅಂದ್ರ ಪಟ್ಟಿಯೊಳಗ ಅವರ ಸ್ವಂತ ಹೆಸರು ಇತ್ತು. ಅದೇ ಎಲೆಕ್ಷನ್‌ದಾಗ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಂಥಾ ಕಡೆ ಹೆಣಮಕ್ಕಳು ಪಟ್ಟಿ ಬರಿಯೋರ ಮುಂದ ತಮ್ಮ ಹೆಸರು ಹೇಳದ ಇಂಥವನ ಹೇಣ್ತಿ, ಇಂಥವನ ತಾಯಿ ಅಂತ ಬರಸಿದ್ರು, ಸೇನ್ ಅವರು ಹಂಗ ಒಪ್ಪಲಿಲ್ಲ, ಹೆಸರು ಇದ್ರಷ್ಟ ಓಟು ಅಂದ್ರು, ದೇಶದಾಗ ಸುಮಾರು 28 ಲಕ್ಷ ಹೆಣಮಕ್ಕಳು ಪಟ್ಟಿಯಿಂದ ಬಿಟ್ಟು ಹೋದ್ರು. ನನಗ ಇದು ಓದಿದಾಗೆಲ್ಲಾ ಸಂಕಟ ಅಕ್ಕೈತಿ, ಆದ್ರೂ ಸೇನ್ ಅವರು ಮಾಡಿದ್ದು ಸರಿ ಅನಸತೈತಿ, ಅವತ್ತು ಸಡಿಲು ಬಿಟ್ಟಿದ್ರ ಇನ್ನೂ ಎಷ್ಟು ವರ್ಷ ಇಂಥವನ ಹೇಣ್ತಿ ಆಗೇ ಉಳೀತಿದ್ರೋ. ನಿಮ್ಮ ಅಜ್ಜಿ ಮನಿಗೆ ಪಟ್ಟಿ ಬರಿಯೋರು ಬಂದಾಗ ಅಜ್ಜಿ ಹೆಸರು ಯಾರು ಹೇಳಿದ್ರು? ಅಜ್ಜಿನೋ, ಅತ್ತಿನೋ, ಗಂಡನೋ? ಯಾರು ನಿಂತಿದ್ರು ಅಂತ ಕೇಳೋಕಿಂತ ಇದನ್ನ ಕೇಳ್ರಿ. ಯಾರು ನಿಂತಿದ್ರು, ಯಾರು ಗೆದ್ರು ಅಂಬೋದು ಸರ್ಕಾರಿ ದಾಖಲಿಯೊಳಗ ಐತಿ, ಉದಾಹರಣಿಗೆ ಧಾರವಾಡ ಉತ್ತರ ಲೋಕಸಭಾ ಕ್ಷೇತ್ರದಿಂದ ಡಿ.ಪಿ. ಕರಮರಕರ ಆರಿಸಿ ಬಂದ್ರು, ಮುಂದ ಕೇಂದ್ರದಾಗ ಆರೋಗ್ಯ ಮಂತ್ರಿ ಆದ್ರು, ಅದಕ್ಕ ಅಜ್ಜಿನ್ನ ತ್ರಾಸು ಮಾಡೋದು ಬ್ಯಾಡ. ಸೆರಗು ಬಾಯಿಗೆ ಹಿಡಿದದ್ದು ಯಾವ ದಾಖಲಿಯೊಳಗ ಸಿಗತೈತ್ರಿ?

ಲಕ್ಷ್ಮೇಶ್ವರ ಕಡೆ ಒಬ್ಬ ಹಿರಿಯರು, ಈಗಿಲ್ಲ ಅವರು, ನನ್ನ ಮುಂದ ಕೂತು ಹೇಳಿದ್ರು: ಚೀಟಿ ಮಡಚಿದ್ದು ದಪ್ಪ ಆಗಿ ಡಬ್ಬಿ ಸೀಳಿನ್ಯಾಗ ಅರ್ಧಕ್ಕ ಸಿಕ್ಕೊಂತಂತ, ಹೊರಗಿನವರಿಗೆ ಕೇಳೋಣು ಅಂದ್ರ ಗುಪ್ತ ಮತದಾನ, ಒಳಗ ಹೋಗದಿದ್ರ ಓಟು ಹೋತು ಅಂತ ಹೆದರಿ ಹೆಬ್ಬಟ್ಟಿಲೆ ಒತ್ತಿ ಒತ್ತಿ ನೂಕಿದ್ರಂತ. ಹೇಳೋ ಮುಂದ ಅವರ ಹೆಬ್ಬಟ್ಟು ಮಂಚದ ಪಟ್ಟಿ ಮ್ಯಾಲೆ ಹಂಗ ಒತ್ತಾಕತ್ತಿತ್ತು, ಅವರಿಗೇ ಅದು ಗೊತ್ತಿರಲಿಲ್ಲ. ಅವರನ್ನೂ ತಾರೀಖು ಕೇಳಿದ್ದೆ, ಸುಗ್ಗಿ ಹೊತ್ತು ಅಂದ್ರು, ಅಷ್ಟ. ನನಗ ಸಾಕಾತು.

ಆವಾಗ ಓಟಿಗೆ 21 ತುಂಬಿರಬೇಕಿತ್ತು, 18 ಆಗಿದ್ದು 1989ರಾಗ. ಲೆಕ್ಕ ಹಾಕ್ರಿ, ಆ ಸಾಲಿನ್ಯಾಗ ನಿಂತವರು ಈಗ ತೊಂಬತ್ತೈದು ದಾಟಿದವರು, ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ಹುಡುಕಿದ್ರೂ ನೆನಪು ಗಟ್ಟಿ ಇದ್ದವರು ಭಾಳ ಮಂದಿ ಸಿಗೋದಿಲ್ಲ. ಅದಕ್ಕ ನಾನು ಇಷ್ಟು ಉದ್ದ ಬರ್ಯಾಕತ್ತೀನಿ.

ಕೇಳೋದು ಹೆಂಗ ಅಂದ್ರ, ತಿದ್ದಬ್ಯಾಡ್ರಿ, "ಹಂಗಲ್ಲ ಅಜ್ಜಿ" ಅಂತ ಒಂದ್ ಸಲ ಅಂದ್ರ ಅವರು ಆ ಬಾಗಲಾ ಮುಚ್ಚತಾರ. 1957ರಾಗೂ ಇದೇ ಡಬ್ಬಿ ಇದ್ವು, ಅದಕ್ಕ ಇದು ಮೊದಲನೇದೋ ಎರಡನೇದೋ ಗೊತ್ತಾಗಬೇಕಂದ್ರ ಆವಾಗ ಮುಂಬೈ ಸರ್ಕಾರನೋ ಮೈಸೂರು ಸರ್ಕಾರನೋ ಅಂತ ಕೇಳ್ರಿ, 1956ರ ನವೆಂಬರ್ 1ಕ್ಕ ನಾವು ಮೈಸೂರಿಗೆ ಸೇರಿದ್ವಿ. ಎಷ್ಟು ಚೀಟಿ ಕೊಟ್ರು ಕೇಳ್ರಿ, ಪಾರ್ಲಿಮೆಂಟಿಗೆ ಬ್ಯಾರೆ, ಮುಂಬೈ ವಿಧಾನಸಭೆಗೆ ಬ್ಯಾರೆ ಓಟಿತ್ತು. ಯಾರ ಜೋಡಿ ನಡಕೊಂಡು ಹೋದ್ರು, ಏನು ಉಟ್ಟಿದ್ರು, ಮನಿಗೆ ಬಂದ ಮ್ಯಾಲೆ ಗಂಡ ಯಾವ ಡಬ್ಬಿಗೆ ಹಾಕಿದಿ ಅಂತ ಕೇಳಿದ್ನೇನು, ಅಜ್ಜಿ ಹೇಳಿದ್ರೇನು. ಅವರ ಮಾತಿನ್ಯಾಗ ಬರೀರಿ, ಪುಸ್ತಕದ ಕನ್ನಡಕ್ಕ ತಿರುವಬ್ಯಾಡ್ರಿ, ಮೊಬೈಲಿನ್ಯಾಗ ರೆಕಾರ್ಡ್ ಮಾಡೋ ಕೆಲಸ ಮರಿಮಗಗ ಹಚ್ಚರಿ. ಎಲ್ಲಾ ಮುಗಿಸಿ ಕಳಸೋಣು ಅಂತ ಕಾಯಬ್ಯಾಡ್ರಿ, ಈ ವಾರ ಎಷ್ಟು ಸಿಗತೈತೋ ಅಷ್ಟು ಕಳಸ್ರಿ, ಮುಂದಿನ ಸಂಚಿಕಿಯೊಳಗ ಎರಡು ಪುಟ ತಗದಿಟ್ಟೀವಿ.

— ಸಂ.