ಹಳೆಯ ಪ್ರವಾಸದ ಆಲ್ಬಂಗಳಿಗೆ ಯಾವ ಸ್ಕ್ಯಾನರ್ ಕೊಳ್ಳಲಿ? ಸ್ಕ್ಯಾನ್ ಆದ ಮೇಲೆ ಆಲ್ಬಂ ಎಸೆಯಬಹುದಾ?

ಸ್ಕ್ಯಾನರ್ ಮಾತು ಆಮೇಲೆ. ಆಲ್ಬಂನಿಂದ ಇನ್ನೂ ಒಂದು ಫೋಟೋನೂ ಕಿತ್ತಿಲ್ಲ ತಾನೆ? ಕಿತ್ತಿಲ್ಲ ಅಂದರೆ ದಯವಿಟ್ಟು ಹಾಗೇ ಬಿಡಿ, ಇದನ್ನು ಓದಿ ಮುಗಿಸುವವರೆಗಾದರೂ. ಬೇಗ ಕೆಲಸ ಮುಗಿಸುವ ಸ್ಕ್ಯಾನರ್ ಬೇಕು, ಆಮೇಲೆ ಕಪಾಟು ಖಾಲಿ ಮಾಡಬೇಕು ಅಂತ ಬರೆದಿದ್ದೀರಲ್ಲ, ನಾನೂ ಥೇಟ್ ಹೀಗೇ ಯೋಚಿಸಿದ್ದೆ.

ನಮ್ಮಪ್ಪನಿಗೆ ಕ್ಯಾಮೆರಾ ಹುಚ್ಚು. ರಜೆಗೆ ಹೊರಟರೆ ಬಟ್ಟೆಗಿಂತ ಮೊದಲು ಕ್ಯಾಮೆರಾ ಬ್ಯಾಗಿಗೆ ಹೋಗುತ್ತಿತ್ತು. ಒಂದು ರೀಲಿಗೆ 36 ಫೋಟೋ, ಅಷ್ಟರಲ್ಲೇ ಇಡೀ ಪ್ರವಾಸ ಮುಗಿಯಬೇಕು, ಹಾಗಾಗಿ ಅಳೆದೂ ಸುರಿದೂ ತೆಗೆಯುತ್ತಿದ್ದರು. ಪ್ರಿಂಟ್ ಬಂದ ಮೇಲೆ ಅಮ್ಮನ ಸರದಿ. ಅಂಟು ಹಾಳೆಯ ಆಲ್ಬಂ ಇರುತ್ತದಲ್ಲ, ಮೇಲಿನ ಪ್ಲಾಸ್ಟಿಕ್ ಎತ್ತಿ ಫೋಟೋ ಇಟ್ಟು ಮತ್ತೆ ಮುಚ್ಚುವಂಥದ್ದು, ಅದರಲ್ಲಿ ಒಂದಾದ ಮೇಲೊಂದು ಜೋಡಿಸುತ್ತಿದ್ದಳು. ನಡುನಡುವೆ ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿದ ಚೀಟಿಗಳು. ‘ಇಲ್ಲಿ ಬಸ್ ಕೆಟ್ಟಿತು.’ ‘ಟೋಪಿ ಗಾಳಿಗೆ ಹೋಯಿತು.’ ಅಷ್ಟೇ. ಇಸವಿ ಇಲ್ಲ, ಜಾಗದ ಹೆಸರಿಲ್ಲ. ಅವಳಿಗೆ ಗೊತ್ತಿತ್ತಲ್ಲ, ಯಾಕೆ ಬರೆಯಬೇಕು?

ಎಷ್ಟೋ ವರ್ಷ ಆದ ಮೇಲೆ ಇದನ್ನೆಲ್ಲ ಕಂಪ್ಯೂಟರಿಗೆ ಹಾಕುವ ಹುಕಿ ನನಗೆ ಬಂತು. ಫೋಟೋಗಳ ಕಟ್ಟು ಇಟ್ಟರೆ ತಾನೇ ಒಂದೊಂದಾಗಿ ಎಳೆದುಕೊಂಡು ಸ್ಕ್ಯಾನ್ ಮಾಡುವ ಮೆಷಿನ್ ಗೆಳೆಯನೊಬ್ಬನ ಹತ್ತಿರ ಇತ್ತು. ಒಂದೇ ಅಳತೆಯ ಫೋಟೋ ಕೊಟ್ಟರೆ ಅದಕ್ಕೆ ಸಲೀಸು. ಸರಿ ಅಂತ ಎಲ್ಲ ಆಲ್ಬಂಗಳನ್ನೂ ಬಿಚ್ಚಿ, ಫೋಟೋ ಕಿತ್ತು, ದೊಡ್ಡವು ಒಂದು ಕಡೆ, ಚಿಕ್ಕವು ಇನ್ನೊಂದು ಕಡೆ ಅಂತ ಕಟ್ಟು ಮಾಡಿದೆ. ಖಾಲಿ ಆಲ್ಬಂಗಳು ಹಳದಿಯಾಗಿ ವಾಸನೆ ಬರುತ್ತಿದ್ದವು. ಚೀಟಿಗಳ ಸಮೇತ ಕಸಕ್ಕೆ ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದರೆ ಆ ಹೊತ್ತಿನಲ್ಲಿ ಇದು ತಪ್ಪು ಅಂತ ಅನ್ನಿಸುವುದೇ ಇಲ್ಲ. ಫೋಟೋ ಯಾವುದೂ ಕಳೆದುಹೋಗಲಿಲ್ಲ. ಒಂದೆರಡರ ಮೂಲೆ ಹರಿಯಿತು, ಅಷ್ಟೇ. ಎಲ್ಲವೂ ಚೆನ್ನಾಗಿ ಸ್ಕ್ಯಾನ್ ಆದವು. ಹೋದದ್ದು ಯಾವ ಫೋಟೋದ ಪಕ್ಕ ಯಾವುದು ಇತ್ತು ಅನ್ನುವುದು. ಸಮುದ್ರದ ಫೋಟೋ ಆದ ಮೇಲೆ ಬೆಟ್ಟದ್ದು ಬಂದರೆ ಅದು ಒಂದೇ ಪ್ರವಾಸ, ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಬೇರೆ ವರ್ಷ. ಇಂಥ ಮಾಹಿತಿ ಯಾವ ಫೋಟೋದ ಒಳಗೂ ಇರುವುದಿಲ್ಲ, ಅದು ಪುಟದಲ್ಲಿ ಇರುತ್ತದೆ. ನಾನು ಫೋಟೋ ಉಳಿಸಿಕೊಂಡು ಪುಟ ಎಸೆದೆ. ಸಾಲದ್ದಕ್ಕೆ ಆ ಫೈಲುಗಳಿಗೆಲ್ಲ ಸ್ಕ್ಯಾನ್ ಮಾಡಿದ ದಿನದ ತಾರೀಕೇ ಬಿತ್ತು. ಫೋನಿನ ಗ್ಯಾಲರಿ ಪ್ರಕಾರ ನನ್ನ ಇಡೀ ಬಾಲ್ಯ ಮೊನ್ನೆ ಮೊನ್ನೆಯ ಒಂದು ಭಾನುವಾರ ಮಧ್ಯಾಹ್ನ ನಡೆದಿದೆ!

ಒಂದು ಉದಾಹರಣೆ ಕೊಡುತ್ತೇನೆ. ಒಂದು ಫೋಟೋದಲ್ಲಿ ಬರೀ ಖಾಲಿ ರಸ್ತೆ ಇದೆ. ಜನ ಇಲ್ಲ, ಸ್ವಲ್ಪ ಓರೆ ಬೇರೆ. ಎಡಗಡೆ ತುದಿಯಲ್ಲಿ ಯಾರದೋ ಮೊಣಕೈ ಅರ್ಧ ಕಾಣುತ್ತದೆ. ಬಸ್ ಕೆಟ್ಟ ಚೀಟಿ ಇದರದ್ದೇ ಅಂತ ನಾನು. ಅಲ್ಲ, ಆ ಬಸ್ ಕೆಟ್ಟಾಗ ಕತ್ತಲಾಗಿತ್ತು, ಇದು ಬೇರೆ ವರ್ಷದ್ದು ಅಂತ ಅಕ್ಕ. ಮೊಣಕೈ ತನ್ನದು ಅಂತ ಇಬ್ಬರು ಹೇಳುತ್ತಾರೆ. ಅಮ್ಮನನ್ನು ಕೇಳಿದರೆ ‘ಚೀಟಿ ಬರೆದಿದ್ದೆನಲ್ಲ, ಅದನ್ನೇ ನೋಡು’ ಅಂದಳು. ನಾನು ಸುಮ್ಮನಾದೆ.

ಸ್ವಲ್ಪ ಮಟ್ಟಿಗೆ ಕಾಪಾಡಿದ್ದು ನೆಗೆಟಿವ್‌ಗಳು. ಅಪ್ಪ ಅವನ್ನು ಕವರಿನಲ್ಲಿ ಹಾಗೇ ಇಟ್ಟಿದ್ದರು. ಪಟ್ಟಿಯ ಅಂಚನ್ನು ಬೆಳಕಿಗೆ ಹಿಡಿದರೆ 11, 11ಎ, 12 ಅಂತ ನಂಬರು ಕಾಣುತ್ತದೆ. ಒಂದು ರೀಲಿನಲ್ಲಿ ಯಾವುದರ ಮುಂದೆ ಯಾವುದು ತೆಗೆದದ್ದು ಅಂತ ಅದರಿಂದ ಗೊತ್ತಾಗುತ್ತದೆ. ನನ್ನ ಮೊಣಕಾಲಿಗೆ ಬ್ಯಾಂಡೇಜ್ ಯಾವಾಗ ಬಿತ್ತು ಅನ್ನುವುದನ್ನೂ ಹೀಗೇ ಪತ್ತೆ ಮಾಡಿದೆವು. ಆದರೆ ಯಾವ ರೀಲು ಮೊದಲು, ಯಾವುದು ಆಮೇಲೆ ಅಂತ ಆ ನಂಬರು ಹೇಳುವುದಿಲ್ಲ. ರಸ್ತೆಯ ಫೋಟೋ ಇದ್ದ ಪಟ್ಟಿ ಮಾತ್ರ ಸಿಗಲೇ ಇಲ್ಲ, ಆ ಜಗಳ ಇನ್ನೂ ನಡೆಯುತ್ತಿದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಿಮಗೆ ಬೇಕಾದದ್ದು ಸ್ಕ್ಯಾನರ್ ಅಲ್ಲ, ನಿಮ್ಮ ಅಮ್ಮ. ಅವರಿಗೆ ಎಲ್ಲ ನೆನಪಿದೆ ಅಂತ ನೀವೇ ಬರೆದಿದ್ದೀರಿ. ಮೊದಲು ಪ್ರತಿ ಪುಟದ್ದೂ ಫೋನಿನಲ್ಲಿ ಒಂದೊಂದು ಫೋಟೋ ತೆಗೆಯಿರಿ, ಪ್ಲಾಸ್ಟಿಕ್ ಎತ್ತದೆ, ಚೀಟಿ, ಖಾಲಿ ಜಾಗ ಎಲ್ಲ ಸೇರಿಸಿ. ಫ್ಲ್ಯಾಶ್ ಬೇಡ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಇಟ್ಟುಕೊಂಡರೆ ಪ್ಲಾಸ್ಟಿಕ್ ಹೊಳಪು ಅಡ್ಡ ಬರುವುದಿಲ್ಲ. ಆಮೇಲೆ ಅಮ್ಮನ ಪಕ್ಕ ಕೂತು, ಫೋನಿನ ರೆಕಾರ್ಡರ್ ಆನ್ ಮಾಡಿ ಪುಟ ತಿರುಗಿಸಿ. ‘ಇದು ಯಾರು’ ಅಂತ ಕೇಳಿದರೆ ಬರೀ ಹೆಸರು ಸಿಗುತ್ತದೆ. ‘ಇದಕ್ಕೆ ಮುಂಚೆ ಏನಾಯಿತು’ ಅಂತ ಕೇಳಿ ನೋಡಿ. ಎಷ್ಟನೇ ಪುಟ ಅಂತ ಜೋರಾಗಿ ಹೇಳುತ್ತಾ ಹೋಗಿ, ಇಲ್ಲದಿದ್ದರೆ ಆಮೇಲೆ ಕೇಳಿದಾಗ ಯಾವ ಫೋಟೋ ಬಗ್ಗೆ ಮಾತು ಅಂತ ತಿಳಿಯುವುದಿಲ್ಲ.

ಇಷ್ಟಾದ ಮೇಲೆ ಸ್ಕ್ಯಾನರ್ ಯಾವುದಾದರೂ ಆದೀತು, ಫೋಟೋ ಎಳೆದುಕೊಳ್ಳುವಂಥದ್ದು ಬೇಡ, ಗಾಜಿನ ಮೇಲೆ ಮಲಗಿಸುವಂಥದ್ದು ಇರಲಿ. ಪ್ರಿಂಟ್‌ಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಸಾಕೇ ಸಾಕು. 4x6 ಇಂಚಿನ ಫೋಟೋ 2400x3600 ಪಿಕ್ಸೆಲ್ ಆಗುತ್ತದೆ. 1200ಕ್ಕೆ ಹಾಕಿದರೆ ಫೈಲ್ ಮಾತ್ರ ದಪ್ಪ ಆಗುತ್ತದೆ, ಪ್ರಿಂಟಿನಲ್ಲಿ ಇಲ್ಲದ ವಿವರ ಎಲ್ಲಿಂದ ಬರಬೇಕು? ನೆಗೆಟಿವ್ ವಿಷಯ ಬೇರೆ. 35 ಎಂಎಂ ರೀಲಿನಲ್ಲಿ ಒಂದು ಚಿತ್ರ 24x36 ಮಿಲಿಮೀಟರ್ ಅಷ್ಟೇ, ಅದಕ್ಕೆ 2400 ಡಿಪಿಐಗಿಂತ ಕಡಿಮೆ ಬೇಡ. ಫೋಟೋದ ಹಿಂಭಾಗದಲ್ಲಿ ಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ನೀವೇ ಹೊಸದಾಗಿ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಮುಂದುಗಡೆ ಗೀರು ಎದ್ದು ಕಾಣುತ್ತದೆ.

ಅಂಟಿಕೊಂಡ ಫೋಟೋಗಳನ್ನು ಎಳೆಯಲೇಬೇಡಿ, ಪುಟದ ಸಮೇತ ಗಾಜಿನ ಮೇಲೆ ಇಡಿ. ತೆಗೆಯಲೇಬೇಕು ಅಂದರೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರ ಬರುತ್ತದಲ್ಲ, ಮೇಣ ಇಲ್ಲದ್ದು, ಅದನ್ನು ಫೋಟೋ ಕೆಳಗೆ ತೂರಿಸಿ ಗರಗಸದ ಹಾಗೆ ನಿಧಾನ ಆಡಿಸಿ. ಫ್ರೇಮಿನ ಗಾಜಿಗೇ ಹತ್ತಿಕೊಂಡಿದ್ದರೆ ಮುಟ್ಟಬೇಡಿ. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ, ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಹಿಡಿದಿರುತ್ತದೆ, ಎಳೆದರೆ ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಬಣ್ಣ ಕೆಂಪಾಗಿದ್ದರೆ ಗಾಬರಿ ಬೇಡ. 1970ರ ದಶಕದ ಪ್ರಿಂಟ್‌ಗಳಲ್ಲಿ ಸಾಮಾನ್ಯವಾಗಿ ಹಸಿರು ಮಿಶ್ರಿತ ನೀಲಿ ಬಣ್ಣ ಬೇಗ ಮಾಸುತ್ತದೆ, ಕತ್ತಲಲ್ಲಿ ಇಟ್ಟಿದ್ದರೂ. ಉಳಿಯುವುದು ಕೆಂಪು. ತಿದ್ದುವುದಿದ್ದರೆ ಪ್ರತಿಯಲ್ಲಿ ತಿದ್ದಿ, ಮೊದಲ ಸ್ಕ್ಯಾನ್ ಮುಟ್ಟಬೇಡಿ. ಮಸುಕಾದ ಮುಖ ಸ್ಪಷ್ಟ ಮಾಡಿಕೊಡುವ ಆಪ್‌ಗಳನ್ನಂತೂ ನಾನು ನಂಬುವುದಿಲ್ಲ. ಇಲ್ಲದ ಕಣ್ಣು, ಮೂಗು ಅದೇ ಊಹಿಸಿ ಬರೆಯುತ್ತದೆ. ನಮ್ಮತ್ತೆ ಅದರಲ್ಲಿ ಯಾರದೋ ಅತ್ತೆ ಆಗಿಬಿಟ್ಟರು.

ಇನ್ನು ಆಲ್ಬಂ ಎಸೆಯುವುದು. ಬೇಡ. ಪ್ಲಾಸ್ಟಿಕ್ ಪಿವಿಸಿ ಆಗಿದ್ದು ಜಿಗುಟಾಗಿದ್ದರೆ ಫೋಟೋಗಳನ್ನು ಪಾಲಿಪ್ರೊಪಿಲೀನ್ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್ಕಿನ ಕವರುಗಳಿಗೆ ಹಾಕಿ, ಅದೇ ಕ್ರಮದಲ್ಲಿ, ಚೀಟಿಗಳ ಜೊತೆಗೆ. ಓರೆ, ಮಸುಕು ಅಂತ ಯಾವುದನ್ನೂ ಬಿಡಬೇಡಿ. ಫೈಲಿನ ಹೆಸರಿನಲ್ಲಿ ಆಲ್ಬಂ, ಪುಟ, ಪುಟದಲ್ಲಿ ಎಷ್ಟನೆಯದು ಅನ್ನುವ ಮೂರೂ ಇರಲಿ, ವರ್ಷ ಗೊತ್ತಾದ ಮೇಲೆ ಸೇರಿಸಬಹುದು. ಅಮ್ಮನ ಜೊತೆ ಕೂರುವ ಮುಂಚೆ ಫೋನಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ, ಚಾರ್ಜರ್ ಹತ್ತಿರ ಇಟ್ಟುಕೊಳ್ಳಿ. ಹಳೇ ಫೋಟೋ ಮುಂದೆ ಕೂತವರು ಅಷ್ಟು ಬೇಗ ಏಳುವುದಿಲ್ಲ.