ಹಿಂದೂ ಮಹಾಸಾಗರದಲ್ಲಿ ಸುನಾಮಿ ಎದ್ದರೆ ಎಚ್ಚರಿಸುವ ಹೊಣೆ ಯಾರದ್ದು?

ಒಬ್ಬರದ್ದೇ ಅಲ್ಲ. 2004ರಲ್ಲಿ ಸುಮಾತ್ರಾದ ಅಲೆ ತಮಿಳುನಾಡು ಮುಟ್ಟಲು ಸುಮಾರು ಎರಡು ಗಂಟೆ ಹಿಡಿದಿತ್ತು. ಅಷ್ಟು ಸಮಯವಿದ್ದರೂ ಜನರಿಗೆ ಹೇಳುವ ವ್ಯವಸ್ಥೆಯೇ ಇರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಭಾರತ, ಇಂಡೋನೇಷ್ಯಾ, ಆಸ್ಟ್ರೇಲಿಯಾ ಮೂರೂ ದೇಶಗಳ ಕೇಂದ್ರಗಳು ಕಾವಲಿಗಿವೆ. ನಮ್ಮದು ಹೈದರಾಬಾದಿನ ಇನ್‌ಕಾಯಿಸ್. ಸಾಗರವನ್ನು ತುಂಡು ಮಾಡಿ ಹಂಚಿಕೊಂಡಿಲ್ಲ, ಮೂವರೂ ಪೂರ್ತಿ ಸಾಗರ ನೋಡುತ್ತಾರೆ. ಒಂದು ಕೇಂದ್ರ ಕೈಕೊಟ್ಟರೂ ಇನ್ನೆರಡು ಇರುತ್ತವೆ, ಒಳ್ಳೆಯದೇ ಅಲ್ವಾ? ಭೂಕಂಪ ಎಲ್ಲಾಯಿತು, ಅಲೆ ಯಾವ ಕರಾವಳಿಗೆ ಎಷ್ಟು ಹೊತ್ತಿಗೆ ಬರಬಹುದು ಎಂದು ಸುತ್ತಲಿನ ದೇಶಗಳಿಗೆಲ್ಲ ತಿಳಿಸುತ್ತಾರೆ.

ಆದರೆ ತನ್ನ ಜನರಿಗೆ ಎಚ್ಚರಿಕೆ ಕೊಡಬೇಕೇ ಎಂಬ ತೀರ್ಮಾನ ಆಯಾ ದೇಶದ್ದು. ನಮ್ಮಲ್ಲಿ ಇನ್‌ಕಾಯಿಸ್ ಎಚ್ಚರಿಸುತ್ತದೆ, ಕಾರವಾರವಾಗಲಿ ಮಂಗಳೂರಾಗಲಿ, ದಡದಿಂದ ಜನರನ್ನು ಕರೆದೊಯ್ಯುವ ಕೆಲಸ ಸ್ಥಳೀಯ ಆಡಳಿತದ್ದು.