'ಟೀಮ್ ಅಂದ್ರೆ ನಾನೊಬ್ಬನೇ, ಮೇಡಂ'

ನಾನು ಆಪ್ತಸಲಹೆಗಾರ್ತಿ. ಇಲ್ಲಿ ಬರೆಯುತ್ತಿರುವಂಥ ಕತೆ ಹೊತ್ತು ನನ್ನ ಬಳಿ ಬಂದವರಲ್ಲಿ ಇವರು ನಾಲ್ಕನೆಯವರು. ಬರೆಯಲು ಅದೊಂದು ಕಾರಣ. ಇನ್ನೊಂದು, ಮೊದಲ ಎರಡು ಭೇಟಿಯಲ್ಲಿ ನಾನೇ ಎಡವಿದ್ದೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವೆಬ್‌ಸೈಟ್ ಮಾಡಿಕೊಡುವುದು ಅವರ ಕಸುಬು. ಸೈಟ್ ಮುಗಿದ ಮೇಲೆ ಗ್ರಾಹಕರು 'ಇದನ್ನ ಎಲ್ಲಿ ಇಡೋದು ಅಂತ ನಮಗೇನು ಗೊತ್ತು, ನೀವೇ ನೋಡ್ಕೊಳ್ಳಿ' ಅನ್ನುತ್ತಾರೆ. ಹಾಗಾಗಿ ರೀಸೆಲ್ಲರ್ ಹೋಸ್ಟಿಂಗ್ ತೆಗೆದುಕೊಂಡರು. ಅಂದರೆ ಹೋಸ್ಟಿಂಗ್ ಕಂಪನಿಯಿಂದ ಸರ್ವರ್‌ನಲ್ಲಿ ಒಂದಿಷ್ಟು ಜಾಗ ಸಗಟಾಗಿ ಬಾಡಿಗೆಗೆ ಹಿಡಿದು, ಅದನ್ನು ಹಂಚಿ, ತಮ್ಮದೇ ಹೆಸರಿನಲ್ಲಿ ಗ್ರಾಹಕರಿಗೆ ಕೊಡುವುದು. ಹಿಂದೆ ಇರುವ ಕಂಪನಿ ಯಾವುದು ಅಂತ ಗ್ರಾಹಕರಿಗೆ ಗೊತ್ತೇ ಇರುವುದಿಲ್ಲ. ಕೆಲವು ವರ್ಷ ಚೆನ್ನಾಗಿಯೇ ನಡೆದಿತ್ತು. 34 ಸೈಟುಗಳಿದ್ದವು.

ನನ್ನ ಹತ್ತಿರ ಬಂದಾಗ ಅವರು ಹೇಳಿಕೊಂಡಿದ್ದು ನಿದ್ದೆಯ ತೊಂದರೆ. ರಾತ್ರಿ ಎರಡಕ್ಕೆ, ಮೂರಕ್ಕೆ ಎಚ್ಚರ. ಎದೆ ಹೊಡೆದುಕೊಳ್ಳುವುದು. ಫೋನ್ ಸದ್ದಾದರೆ ಕೈ ತಣ್ಣಗಾಗುವುದು. 'ಕೆಲಸದಲ್ಲಿ ಸ್ವಲ್ಪ ತೊಂದರೆ ಆಯ್ತು, ಈಗ ಸರಿಹೋಗಿದೆ' ಅಂದರು. ನಾನು ನಂಬಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ ಅಂದೆ. ಎರಡನೇ ಸಲ ಬಂದಾಗಲೂ ಅದನ್ನೇ ಇನ್ನಷ್ಟು ಸಮಾಧಾನವಾಗಿ ಹೇಳಿದೆ. ಇಟ್ಟಿಲ್ಲ ಅಂತ ಅವರ ಮುಖವೇ ಹೇಳುತ್ತಿತ್ತು.

ಮೂರನೇ ಭೇಟಿಯಲ್ಲಿ ಅವರ ಫೋನ್ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಸದ್ದು ಬಂದ್ ಮಾಡಿದ್ದರು. ಆದರೂ ಅಂಚಿನಿಂದ ಆಗಾಗ ಬೆಳಕು ಕಾಣುತ್ತಿತ್ತು. ಅವರ ಕಣ್ಣು ನನ್ನ ಮೇಲೆ ಇರಲೇ ಇಲ್ಲ, ಆ ಬೆಳಕಿನ ಮೇಲಿತ್ತು. 'ಅದರಲ್ಲಿ ಏನು ಬರ್ತಾ ಇದೆ, ನೋಡಬಹುದಾ?' ಅಂದೆ. ತಿರುಗಿಸಿ ತೋರಿಸಿದರು. 34 ಸೈಟುಗಳ ಪಟ್ಟಿ, ಒಂದೊಂದರ ಪಕ್ಕ ಹಸಿರು ಚುಕ್ಕೆ. ಪ್ರತಿ ನಿಮಿಷಕ್ಕೊಮ್ಮೆ ತಪಾಸಣೆ.

ಆ ಪರದೆ ನನಗೆ ಹೊಸದಲ್ಲ. ಈ ವೃತ್ತಿಗೆ ಬರುವ ಮೊದಲು ಆರು ವರ್ಷ ನಾನೂ ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಟಿಕೆಟ್‌ಗಳಿಗೆ, ಅಂದರೆ ಗ್ರಾಹಕರು ಬರೆದು ಕಳಿಸುವ ದೂರುಗಳಿಗೆ, ಉತ್ತರ ಬರೆಯುತ್ತಿದ್ದೆ. 'ಪರಿಶೀಲಿಸುತ್ತಿದ್ದೇವೆ' ಅಂತ ಬಂದರೆ, ಬಹಳ ಸಲ ಅದನ್ನು ಇನ್ನೂ ಯಾರೂ ನೋಡಿಲ್ಲ ಅಂತ ಅರ್ಥ. ಅದನ್ನು ಅಂಟಿಸುತ್ತಿದ್ದವಳು ನಾನೇ.

ಹಾಗಾಗಿ ಈ ಸಲ ಉಸಿರಾಟ ಬಿಟ್ಟು, ನಡೆದಿದ್ದನ್ನು ಮೊದಲಿನಿಂದ ಹೇಳಿ ಅಂದೆ.

ಒಂದು ಶನಿವಾರ ರಾತ್ರಿ ಅವರ ಗ್ರಾಹಕರೊಬ್ಬರ ವರ್ಡ್‌ಪ್ರೆಸ್ ಸೈಟ್ ಹ್ಯಾಕ್ ಆಯಿತು. ಕಾರಣ, ಅಪ್‌ಡೇಟ್ ಮಾಡದ ಹಳೇ ಪ್ಲಗಿನ್, ಅಂದರೆ ಸೈಟಿಗೆ ಜೋಡಿಸುವ ಪುಟ್ಟ ಸಾಫ್ಟ್‌ವೇರ್. ಅಲ್ಲಿಂದ ಸಾವಿರಾರು ಸ್ಪ್ಯಾಮ್ ಮೇಲ್ ಹೊರಟವು. ಕಂಪನಿಯವರು ಆ ಒಂದು ಸೈಟನ್ನಷ್ಟೇ ನಿಲ್ಲಿಸಲಿಲ್ಲ, ರೀಸೆಲ್ಲರ್ ಅಕೌಂಟನ್ನೇ ನಿಲ್ಲಿಸಿದರು. 34 ಸೈಟಲ್ಲೂ ಒಂದೇ ಪುಟ: ಈ ಅಕೌಂಟ್ ಅಮಾನತಾಗಿದೆ. ಮೇಲ್‌ಗಳೂ ನಿಂತವು. ಬ್ಯಾಕಪ್ ಇತ್ತು, ಆದರೆ ಅದೇ ಅಕೌಂಟಿನೊಳಗೆ. ಡೊಮೇನ್‌ಗಳನ್ನೂ, ಅಂದರೆ ಸೈಟುಗಳ ವಿಳಾಸಗಳನ್ನೂ, ಅದೇ ಕಂಪನಿಯಲ್ಲೇ ಕೊಂಡಿದ್ದರು, ಆ ಲಾಗಿನ್‌ಗೂ ಬೀಗ. ಹಾಗಾಗಿ ನೇಮ್‌ಸರ್ವರ್, ಅಂದರೆ ಆ ವಿಳಾಸ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆ, ಬದಲಿಸಿ ಬೇರೆ ಕಡೆ ತಿರುಗಿಸುವ ದಾರಿಯೂ ಇರಲಿಲ್ಲ. ಟಿಕೆಟ್‌ಗೆ ಮನುಷ್ಯರೊಬ್ಬರು ಉತ್ತರ ಕೊಟ್ಟಿದ್ದು 31 ಗಂಟೆ ಕಳೆದ ಮೇಲೆ.

ಇದನ್ನೆಲ್ಲ ಅವರು ವರದಿ ಓದಿದ ಹಾಗೆ ಹೇಳಿದರು. ಒಂದು ಕಡೆಯೂ ದನಿ ನಡುಗಲಿಲ್ಲ. ಆಗ ಸುಮ್ನೆ ಒಂದು ಪ್ರಶ್ನೆ ಕೇಳಿದೆ. 'ಮೊದಲು ಫೋನ್ ಮಾಡಿದ್ದು ಯಾರು? ನೀವು ಏನು ಹೇಳಿದಿರಿ?'

'ಒಬ್ಬ ಫೋಟೋಗ್ರಾಫರ್. ನಮ್ಮ ಸರ್ವರ್ ಟೀಮ್ ನೋಡ್ತಾ ಇದೆ ಅಂದೆ.'

ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ನಂತರ ನಕ್ಕರು.

'ಟೀಮ್ ಅಂದ್ರೆ ನಾನೊಬ್ಬನೇ, ಮೇಡಂ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಟಿಕೆಟ್ ಪುಟ ರಿಫ್ರೆಶ್ ಮಾಡ್ತಾ ಕೂತಿದ್ದೆ. ಅಷ್ಟೇ ನಮ್ಮ ಟೀಮ್.'

ನಗು ಅಲ್ಲಿಗೇ ನಿಂತಿತು. ಅತ್ತರು. ಆ ಎರಡು ದಿನದಲ್ಲಿ ಅದೇ ಮಾತನ್ನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಹೇಳಿದ್ದರಂತೆ. ಒಬ್ಬರು 'ನಿಮ್ಮ ಟೀಮ್‌ನವರಿಗೆ ಥ್ಯಾಂಕ್ಸ್ ಹೇಳಿ, ರಾತ್ರಿಯೆಲ್ಲ ಕೆಲಸ ಮಾಡಿದ್ದಾರೆ' ಅಂತ ಮೆಸೇಜ್ ಕಳಿಸಿದ್ದರು. ಆ ಮೆಸೇಜನ್ನು ಅಳಿಸಲೂ ಆಗದೆ ಓದಲೂ ಆಗದೆ ಇಟ್ಟುಕೊಂಡಿದ್ದರು. ಅವರ ಸೈಟಿನ ಮುಖಪುಟದಲ್ಲಿ '24 ಗಂಟೆಯೂ ತಜ್ಞರ ತಂಡ' ಅಂತ ಇತ್ತು. ಕಂಪನಿಯ ಜಾಹೀರಾತಿನಿಂದ ತೆಗೆದು ಹಾಕಿದ ಸಾಲು ಅದು.

ನಾನು ಎಡವಿದ್ದು ಎಲ್ಲಿ ಅಂತ ಆಗ ಗೊತ್ತಾಯಿತು. ಸೈಟು ಬಿದ್ದೀತು ಅನ್ನೋ ಭಯ ಒಂದು ಕಡೆ ಇತ್ತು, ನಿಜ. ಆದರೆ ಅದರ ಕೆಳಗೆ ಇನ್ನೊಂದು ಇತ್ತು: ಬಿದ್ದರೆ ಮತ್ತೆ ಆ ಸುಳ್ಳನ್ನೇ ಹೇಳಬೇಕಲ್ಲ ಅನ್ನುವುದು. ಆ ಭಯಕ್ಕೆ ಉಸಿರಾಟ ಏನು ಮಾಡೀತು? ಮೇಲಾಗಿ ಅವರ ಸೈಟುಗಳು ಇನ್ನೂ ಅದೇ ಕಂಪನಿಯಲ್ಲಿದ್ದವು, ಬ್ಯಾಕಪ್ ಇನ್ನೂ ಅದೇ ಅಕೌಂಟಿನಲ್ಲಿತ್ತು. ಅಂಥ ಕಡೆ ಮಲಗಿದವರಿಗೆ ನಿದ್ದೆ ಬರದಿದ್ದರೆ ಅದು ಕಾಯಿಲೆ ಅಲ್ಲ, ಬುದ್ಧಿ.

'ಯಾಕೆ ಇನ್ನೂ ಅಲ್ಲೇ ಇದ್ದೀರಿ?' ಅಂದೆ. ಮೂರು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದರು. ಹಾಗೆ ಕಟ್ಟಿದರೆ ಅರ್ಧಕ್ಕರ್ಧ ರಿಯಾಯಿತಿ. 'ಹಾಸಿಗೆ ಇದ್ದಷ್ಟು ಕಾಲು ಚಾಚಿದೆ ಅಷ್ಟೇ ಮೇಡಂ.'

ಈ ಗಾದೆ ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಹಾಸಿಗೆ ಅವರದು, ಸರಿ. ಮಲಗಿಸಿದ್ದು ಮಾತ್ರ 34 ಜನರನ್ನು. ಹಾಗಂತಲೇ ಹೇಳಿದೆ. ಸಲಹೆಗಾರರು ಹಾಗೆ ಹೇಳಬಾರದು ಅನ್ನುವವರಿದ್ದಾರೆ, ಗೊತ್ತು.

ಆದರೆ ಒಂದು ಮಾತು ಸ್ಪಷ್ಟವಾಗಲಿ. ಕಡಿಮೆ ದುಡ್ಡಿನಲ್ಲಿ ಹೋಸ್ಟಿಂಗ್ ಹುಡುಕಿದ್ದು ಅವರ ತಪ್ಪಲ್ಲ. ಕೈಯಲ್ಲಿ ಇಲ್ಲದವರು ಎಲ್ಲಿಂದ ತಂದಾರು? ತಪ್ಪಿದ್ದು ಎಲ್ಲಿ ಉಳಿಸಿದರು ಅನ್ನುವುದರಲ್ಲಿ. ಮೂರು ವರ್ಷದ್ದು ಒಟ್ಟಿಗೆ ಕಟ್ಟಿ ಬಿಟ್ಟು ಹೋಗುವ ದಾರಿ ಮುಚ್ಚಿಕೊಂಡರು. ಹೊರಗೆ ಬ್ಯಾಕಪ್ ಇಡಲು ಆಮೇಲೆ ಏನೂ ಉಳಿಯಲಿಲ್ಲ. ತಿಂಗಳಿಗೊಮ್ಮೆ ಕಟ್ಟಿದರೆ ಜಾಸ್ತಿ ಬೀಳುತ್ತದೆ, ನಿಜ. ಆ ಜಾಸ್ತಿ ದುಡ್ಡು ಬಾಗಿಲಿಗೆ ಕೊಡುವ ಬಾಡಿಗೆ. ಒಂದು ವರ್ಷ ಕಂಪನಿಯ ಗುಣ ನೋಡಿ, ಆಮೇಲೆ ಬೇಕಿದ್ದರೆ ವಾರ್ಷಿಕಕ್ಕೆ ಹೋಗಬಹುದು. ಮೊದಲ ಸಲದ ಬೆಲೆ ಬೇರೆ, ನವೀಕರಣದ ಬೆಲೆ ಬೇರೆ ಇರುತ್ತದೆ. ಬಜೆಟ್ ಹಾಕಬೇಕಾದ್ದು ಎರಡನೆಯದಕ್ಕೆ.

ಹೊಸ ಕಂಪನಿ ಆರಿಸಲು ಅವರು ಒಂದು ದೊಡ್ಡ ಪಟ್ಟಿ ಮಾಡಿಕೊಂಡು ಬಂದರು. ಡಿಸ್ಕ್ ಎಷ್ಟು, ಬ್ಯಾಂಡ್‌ವಿಡ್ತ್ ಎಷ್ಟು, ಎಷ್ಟು ಅಕೌಂಟ್. ಬಹುತೇಕ ಕಡೆ 'ಅನ್‌ಲಿಮಿಟೆಡ್'. ಜಾಗ ಅನ್‌ಲಿಮಿಟೆಡ್ ಅಂದವರೂ ಫೈಲುಗಳ ಎಣಿಕೆಗೆ, ಅಂದರೆ ಐನೋಡ್‌ಗೆ, ಮಿತಿ ಇಡುತ್ತಾರೆ. ಸಾಮಾನ್ಯವಾಗಿ ಒಂದೊಂದು ಮೇಲೂ ಒಂದು ಫೈಲು. ನಾಲ್ಕು ಗ್ರಾಹಕರು ಹಳೇ ಮೇಲ್ ಅಳಿಸದೆ ಇಟ್ಟುಕೊಂಡರೆ ಸಾಕು, ಎಣಿಕೆ ತುಂಬುತ್ತದೆ. ಸಿಪಿಯು, ಮೆಮೊರಿಗೂ ಒಂದೊಂದು ಅಕೌಂಟಿಗೆ ಮಿತಿ ಇರುತ್ತದೆ. ಅನ್‌ಲಿಮಿಟೆಡ್ ಅಕೌಂಟ್ ಅನ್ನುವುದನ್ನಂತೂ ನಾನು ಅನುಮಾನದಿಂದಲೇ ನೋಡುತ್ತೇನೆ. 2019ರಿಂದ ಸಿಪ್ಯಾನೆಲ್, ಅಂದರೆ ಹೋಸ್ಟಿಂಗ್ ಅಕೌಂಟುಗಳನ್ನು ನಿಭಾಯಿಸುವ ಸಾಫ್ಟ್‌ವೇರ್, ಅದರ ಲೈಸೆನ್ಸ್ ಬೆಲೆ ಸರ್ವರಿನಲ್ಲಿರುವ ಅಕೌಂಟುಗಳ ಎಣಿಕೆಯ ಮೇಲೆ ನಿಂತಿದೆ. ಒಂದೊಂದು ಅಕೌಂಟಿಗೂ ದುಡ್ಡು ಕೊಡುವ ಕಂಪನಿ ನಿಮಗೆ ಅಗ್ಗದಲ್ಲಿ ಲೆಕ್ಕವಿಲ್ಲದಷ್ಟು ಕೊಡುತ್ತದೆ ಅಂದರೆ, ಆ ದುಡ್ಡನ್ನು ಇನ್ನೆಲ್ಲೋ ಹಿಂಡುತ್ತಿರಬೇಕು. ಸಾಮಾನ್ಯವಾಗಿ ಸಪೋರ್ಟ್‌ನಲ್ಲಿ, ಇಲ್ಲವೇ ಒಂದೇ ಸರ್ವರಿಗೆ ಮಿತಿ ಮೀರಿ ತುಂಬುವುದರಲ್ಲಿ.

99.9 ಶೇಕಡಾ ಅಪ್‌ಟೈಮ್ ಅಂತಲೂ ಪಟ್ಟಿಯಲ್ಲಿತ್ತು, ಅಂದರೆ ಅಷ್ಟು ಹೊತ್ತು ಸೈಟ್ ಬೀಳದೆ ನಡೆಯುತ್ತದೆ ಅನ್ನುವ ಮಾತು. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 43 ನಿಮಿಷ ಬಿದ್ದಿದ್ದರೂ ಮಾತು ಉಳಿಸಿಕೊಂಡಂತೆಯೇ. ಅದಕ್ಕಿಂತ ಜಾಸ್ತಿ ಬಿದ್ದರೆ? ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ. ಕೈಬಿಟ್ಟು ಹೋದ ಗ್ರಾಹಕನನ್ನು ಯಾರೂ ತಂದುಕೊಡುವುದಿಲ್ಲ.

ಪಟ್ಟಿ ಪಕ್ಕಕ್ಕಿಡಿ ಅಂದೆ. ಕೊಳ್ಳುವ ಮೊದಲೇ ಪ್ರತಿ ಕಂಪನಿಗೂ ಒಂದೇ ಪ್ರಶ್ನೆ ಕಳಿಸಿ, ಅದೂ ಶನಿವಾರ ರಾತ್ರಿ: 'ನನ್ನ ಒಬ್ಬ ಗ್ರಾಹಕರ ಸೈಟ್ ಹ್ಯಾಕ್ ಆಗಿ ಸ್ಪ್ಯಾಮ್ ಹೋದರೆ, ಆ ಒಂದು ಅಕೌಂಟ್ ನಿಲ್ಲಿಸ್ತೀರಾ ಅಥವಾ ನನ್ನದೆಲ್ಲ ನಿಲ್ಲಿಸ್ತೀರಾ? ನಿಲ್ಲಿಸಿದರೆ ಬ್ಯಾಕಪ್ ತೆಗೆದುಕೊಳ್ಳಲು ಬಿಡ್ತೀರಾ?' ಐದು ಕಡೆ ಕಳಿಸಿದರು. ಎರಡು ಕಡೆಯಿಂದ ಪ್ಲಾನುಗಳ ಲಿಂಕ್ ಬಂತು. ಒಂದು ಕಡೆಯಿಂದ ಏನೂ ಬರಲಿಲ್ಲ. ಇನ್ನೊಂದು ಕಡೆಯವರು 'ನಿಯಮಾವಳಿ ನೋಡಿ' ಅಂದರು. ಐದನೆಯವರು ಎರಡು ಗಂಟೆಯೊಳಗೆ ನಾಲ್ಕು ಸಾಲು ಬರೆದಿದ್ದರು: ಒಂದು ಅಕೌಂಟನ್ನು ಮಾತ್ರ ನಿಲ್ಲಿಸುತ್ತೇವೆ, ಮೊದಲು ನಿಮಗೆ ತಿಳಿಸಲು ನೋಡುತ್ತೇವೆ, ಆದರೆ ಅದೇ ಸೈಟು ಪದೇ ಪದೇ ಹ್ಯಾಕ್ ಆದರೆ ತೆಗೆದುಹಾಕಿ ಅನ್ನುತ್ತೇವೆ. ಆ 'ಆದರೆ' ನನಗೆ ಹಿಡಿಸಿತು. ಪ್ಲಾನು 40 ಅಕೌಂಟಿನದು, ಅನ್‌ಲಿಮಿಟೆಡ್ ಏನಲ್ಲ. ಅದನ್ನೇ ತೆಗೆದುಕೊಂಡರು.

ಉಳಿದಿದ್ದು ಸಣ್ಣ ಪುಟ್ಟ ಸಲಹೆ. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇರಲಿ. ವಾರಕ್ಕೊಮ್ಮೆ ಪೂರ್ತಿ ಬ್ಯಾಕಪ್ ಬೇರೆ ಕಂಪನಿಯ ಜಾಗಕ್ಕೆ ಹೋಗಲಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ದೊಡ್ಡ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರಿಗೆ ಎರಡೂ ಹೋಯಿತು. ತಿಂಗಳಿಗೊಮ್ಮೆ ಯಾವುದಾದರೂ ಒಂದು ಸೈಟನ್ನು ಆ ಬ್ಯಾಕಪ್ಪಿನಿಂದ ಎಬ್ಬಿಸಿ ನೋಡಿ. ಎಬ್ಬಿಸಿ ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಸೈಟುಗಳನ್ನು ಸ್ಥಳಾಂತರಿಸುವ ಹಿಂದಿನ ದಿನವೇ ಡಿಎನ್‌ಎಸ್‌ನ ಟಿಟಿಎಲ್, ಅಂದರೆ ಸೈಟ್ ಯಾವ ಸರ್ವರಿನಲ್ಲಿದೆ ಅನ್ನುವುದನ್ನು ಬೇರೆ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿ, 300 ಸೆಕೆಂಡಿಗೆ ಇಳಿಸಿ. ಇದೆಲ್ಲ ಅವರಿಗೂ ಗೊತ್ತಿತ್ತು. ಮುಂದಕ್ಕೆ ಹಾಕಿದ್ದರು, ಅಷ್ಟೇ.

ಕಷ್ಟವಾಗಿದ್ದು ಗ್ರಾಹಕರಿಗೆ ನಿಜ ಹೇಳಿ ಅಂದಾಗ. ಎರಡು ಭೇಟಿ ಅದಕ್ಕೇ ಹೋಯಿತು. 'ಹೇಳಿದ್ರೆ ಬಿಟ್ಟು ಹೋಗ್ತಾರೆ' ಅಂದರು. ಕೆಲವರು ಹೋಗಬಹುದು ಅಂದೆ, ಹೋಗಲ್ಲ ಅಂತ ಸುಳ್ಳು ಸಮಾಧಾನ ಹೇಳಲಿಲ್ಲ. ಕೊನೆಗೆ ಬರೆದ ಮೇಲ್ ಹೀಗಿತ್ತು: ನಾನು ಒಬ್ಬನೇ ಕೆಲಸ ಮಾಡುತ್ತೇನೆ, ಸರ್ವರ್ ಬೇರೆ ಕಂಪನಿಯದು, ಆವತ್ತು ನಡೆದಿದ್ದು ಇದು, ಈಗ ಬದಲಿಸಿದ್ದು ಇದು, ರಾತ್ರಿ ಹತ್ತರ ಮೇಲೆ ಫೋನ್ ತೆಗೆಯುವುದಿಲ್ಲ. ಮುಖಪುಟದ ಆ ತಜ್ಞರ ತಂಡವೂ ಹೋಯಿತು.

ಇದನ್ನು ಸಹೋದ್ಯೋಗಿಗಳ ಮುಂದೆ ಇಟ್ಟಾಗ ಒಬ್ಬರು 'ಇದು ಆಪ್ತಸಲಹೆಯೋ, ಸರ್ವರ್ ರಿಪೇರಿಯೋ?' ಅಂತ ಕೇಳಿದರು. ದಾರಿ ಅವರೇ ಕಂಡುಕೊಳ್ಳಬೇಕು, ನಾವು ತೋರಿಸಬಾರದು ಅನ್ನುವುದು ಅವರ ವಾದ. ಆ ನಿಯಮಕ್ಕೆ ನನ್ನ ಗೌರವವಿದೆ. ಆದರೆ ಸೂರು ಸೋರುತ್ತಿರುವವರಿಗೆ ಮಳೆಯ ಭಯ ಹೇಗೆ ಬಿಡೋದು ಅಂತ ಹೇಳಿಕೊಡುತ್ತಾ ನಾನು ಎರಡು ಭೇಟಿ ಕಳೆದಿದ್ದೆ, ಅದಕ್ಕೆ ಶುಲ್ಕವನ್ನೂ ತೆಗೆದುಕೊಂಡಿದ್ದೆ. ಹೋಸ್ಟಿಂಗ್ ಬಗ್ಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಕಳಿಸಬೇಕಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಯಾವ ಶಿಸ್ತು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

34ರಲ್ಲಿ ಐದು ಜನ ಬಿಟ್ಟು ಹೋದರು. ಐವರಿಗೂ ಅವರ ಸೈಟಿನ ಬ್ಯಾಕಪ್, ಡೊಮೇನ್ ವರ್ಗಾವಣೆಯ ಕೋಡ್ ಅದೇ ದಿನ ಕೊಟ್ಟರಂತೆ. ಫೋಟೋಗ್ರಾಫರ್ ಹೋಗಲಿಲ್ಲ, ಆದರೆ ಉತ್ತರವನ್ನೂ ಬರೆಯಲಿಲ್ಲ. ಅದು ಅವರಿಗೆ ಇನ್ನೂ ಚುಚ್ಚುತ್ತದೆ. ಕೊನೆಯ ಭೇಟಿಗೆ ಬಂದಾಗ ಫೋನ್ ಜೇಬಿನಲ್ಲೇ ಇತ್ತು. ತಪಾಸಣೆ ಆ್ಯಪ್ ತೆಗೆದುಹಾಕಿದಿರಾ ಅಂತ ಕೇಳಿದೆ. ಇಲ್ಲ ಅಂದರು. ಈಗ ಐದು ನಿಮಿಷಕ್ಕೊಮ್ಮೆ ಇಟ್ಟಿದ್ದಾರೆ.